ಬಣ್ಣ ಕಳಚಿದ ಮೇಲೆ ಉಳಿಯುವ ನೆರಳು: ಮೈಸೂರಿನ ಹಳೆಯ ಕಟ್ಟಡಗಳನ್ನು ಕಪ್ಪು-ಬಿಳುಪಿನಲ್ಲಿ ಚಿತ್ರೀಕರಿಸುವ ಬಗೆ

ಮೈಸೂರು ಅರಮನೆಯ ಮುಖ ಪೂರ್ವಕ್ಕಿದೆ. ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ಏಳೂವರೆಗೆ ಜಯಮಾರ್ತಾಂಡ ದ್ವಾರದ ಬಳಿ ನಿಂತು ಅದರ ಒಂದು ಚಿತ್ರ ತೆಗೆಯಿರಿ. ಹನ್ನೊಂದು ಗಂಟೆಗೆ ಅದೇ ಜಾಗಕ್ಕೆ ಮರಳಿ, ಅದೇ ಲೆನ್ಸಿನಲ್ಲಿ ಇನ್ನೊಂದು ಚಿತ್ರ ತೆಗೆಯಿರಿ. ಮನೆಗೆ ಬಂದು ಎರಡರ ಬಣ್ಣವನ್ನೂ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಲೇಖನದ ಅರ್ಧ ಪಾಠ ಅಲ್ಲೇ ಸಿಗುತ್ತದೆ. ಎಳೆಬಿಸಿಲಿನ ಹೊಂಬಣ್ಣದಿಂದ ಮನಸೆಳೆದಿದ್ದ ಮೊದಲ ಚಿತ್ರ, ಆ ಬಣ್ಣ ಹೋದ ಕೂಡಲೇ ಚಪ್ಪಟೆಯಾಗಿ ಬಿಡುತ್ತದೆ. ಕಮಾನು, ಕಂಬ, ಕೈಪಿಡಿಗೋಡೆ ಎಲ್ಲವೂ ಒಂದೇ ಬೂದು ಹಲಗೆಯ ಮೇಲೆ ಗೆರೆ ಎಳೆದಂತೆ ಕಾಣುತ್ತವೆ. ಬಣ್ಣದಲ್ಲಿ ಸಪ್ಪೆಯೆನಿಸಿದ್ದ ಎರಡನೆಯ ಚಿತ್ರದಲ್ಲಿ ಪ್ರತಿ ಕಮಾನಿನ ಒಳಗೂ ಕತ್ತಲೆ ತುಂಬಿ, ಪ್ರತಿ ಕಂಬದ ಒಂದು ಬದಿ ಬೆಳಗಿ ಇನ್ನೊಂದು ಬದಿ ಕಪ್ಪಾಗಿ, ಕಟ್ಟಡ ಕಾಗದದಿಂದ ಎದ್ದು ನಿಲ್ಲುತ್ತದೆ.

ಕಾರಣ ಸರಳ. ಬೆಳಗ್ಗೆ ಸೂರ್ಯ ಹೆಚ್ಚುಕಡಿಮೆ ನಿಮ್ಮ ಬೆನ್ನ ಹಿಂದೆ ಇರುತ್ತಾನೆ, ಬೆಳಕು ಗೋಡೆಗೆ ನೇರವಾಗಿ ಬಡಿಯುತ್ತದೆ, ನೆರಳೆಲ್ಲ ಉಬ್ಬುಗಳ ಹಿಂದೆ ಅಡಗಿಕೊಳ್ಳುತ್ತದೆ. ಚಳಿಗಾಲದ ಹನ್ನೊಂದು ಗಂಟೆಗೆ ಸೂರ್ಯ ಆಗ್ನೇಯವನ್ನೂ ದಾಟಿ ದಕ್ಷಿಣದತ್ತ ಸರಿದಿರುವುದರಿಂದ ಬೆಳಕು ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಹಾಗೆ ಸವರುವ ಬೆಳಕಿಗೆ ಒಂದು ಅಂಗುಲ ಮುಂದೆ ಚಾಚಿದ ಕಲ್ಲೂ ಸಾಕು, ಅದು ಮೂರು ನಾಲ್ಕು ಅಂಗುಲದ ನೆರಳನ್ನು ಗೋಡೆಯ ಮೇಲೆ ಚೆಲ್ಲುತ್ತದೆ. ಕಪ್ಪು-ಬಿಳುಪಿನಲ್ಲಿ ಕೆತ್ತನೆ ಎಂದು ನಾವು ನೋಡುವುದು ಈ ನೆರಳನ್ನೇ. ಆದ್ದರಿಂದ ಅಲಂಕೃತ ಕಟ್ಟಡವೊಂದನ್ನು ಈ ಮಾಧ್ಯಮದಲ್ಲಿ ಹಿಡಿಯಬೇಕೆನ್ನುವವರು ಕ್ಯಾಮೆರಾ ಕೊಳ್ಳುವ ಮೊದಲು ಕೊಳ್ಳಬೇಕಾದದ್ದು ಒಂದು ದಿಕ್ಸೂಚಿ ಎಂದು ನಾನು ಗಂಭೀರವಾಗಿಯೇ ಹೇಳುತ್ತೇನೆ. ಈಗ ಅದು ಎಲ್ಲರ ಫೋನಿನಲ್ಲೂ ಇದೆ.

ನಾನು ಮೈಸೂರನ್ನು ಉದಾಹರಣೆಯಾಗಿ ತೆಗೆದುಕೊಂಡಿರುವುದಕ್ಕೆ ಅಭಿಮಾನದ ಜೊತೆಗೆ ಬೇರೆ ಕಾರಣವೂ ಇದೆ. ನಡೆದು ಮುಗಿಸಬಹುದಾದಷ್ಟು ಚಿಕ್ಕ ವೃತ್ತದೊಳಗೆ ಇಷ್ಟು ಬಗೆಯ ಕಲ್ಲು, ಗಾರೆ, ಸುಣ್ಣ, ಎರಕದ ಕಬ್ಬಿಣಗಳು ಒಟ್ಟಿಗೆ ಸಿಗುವ ಊರು ಅಪರೂಪ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ, ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಂದ ವಿನ್ಯಾಸ ಮಾಡಿಸಿ ಕಟ್ಟಿಸಿದ, 1912ರಲ್ಲಿ ಮುಗಿದ ಈಗಿನ ಅರಮನೆ ಅದರ ನಡುವೆ ಇದೆ. ಅದರ ಸುತ್ತ 1861ರ ಜಗನ್ಮೋಹನ ಅರಮನೆ, 1886ರ ಚಿಕ್ಕ ಗಡಿಯಾರ ಗೋಪುರ, 1892ರ ಲ್ಯಾನ್ಸ್‌ಡೌನ್ ಕಟ್ಟಡ, 1927ರ ದೊಡ್ಡ ಗಡಿಯಾರ ಗೋಪುರ, ದೇವರಾಜ ಮಾರುಕಟ್ಟೆ, ಕೃಷ್ಣರಾಜ ವೃತ್ತದ ಮಂಟಪ ಇವೆಲ್ಲ ಇವೆ. ಇಲ್ಲಿ ಕಲಿತದ್ದು ಕಲಬುರಗಿಯ ಗುಮ್ಮಟಗಳಿಗೂ ವಿಜಯಪುರದ ಕಮಾನುಗಳಿಗೂ ಹಾಗೆಯೇ ಅನ್ವಯಿಸುತ್ತದೆ.

ಹೊತ್ತನ್ನು ಮೊದಲು ಗುರುತು ಹಾಕಿಕೊಳ್ಳಿ

ಕ್ಯಾಮೆರಾ ಇಲ್ಲದೆ ಒಂದು ದಿನ ಊರು ಸುತ್ತಿ. ಪ್ರತಿ ಕಟ್ಟಡದ ಮುಂದೆ ನಿಂತು ಅದರ ಮುಖ ಯಾವ ದಿಕ್ಕಿಗಿದೆ, ಯಾವ ಗಂಟೆಗೆ ಅದರ ಮೇಲಿನ ನೆರಳು ಓರೆಯಾಗುತ್ತದೆ, ಎದುರಿನ ಕಟ್ಟಡದ ನೆರಳು ಯಾವಾಗ ಅದರ ಮೇಲೆ ಬೀಳುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಸೂರ್ಯನ ದಾರಿಯನ್ನು ತೋರಿಸುವ ಆ್ಯಪ್‌ಗಳಿವೆ, ಅವು ಉಪಯುಕ್ತವೂ ಹೌದು. ಆದರೆ ಎದುರಿನ ಮಳೆಮರ ಎಷ್ಟು ಬೆಳೆದಿದೆ ಎಂಬುದನ್ನು ಯಾವ ಆ್ಯಪ್ ಕೂಡ ಹೇಳುವುದಿಲ್ಲ.

ಒಂದು ಸಾಮಾನ್ಯ ಲೆಕ್ಕ ಹೀಗಿದೆ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಮತ್ತು ಭಾರತೀಯ ಕಾಲಮಾನದ ರೇಖೆಗಿಂತ ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ವರ್ಷದ ಬಹುಪಾಲು ದಿನಗಳಲ್ಲಿ ಹನ್ನೆರಡೂಕಾಲರಿಂದ ಹನ್ನೆರಡೂವರೆಯ ನಡುವೆ. ಪೂರ್ವಕ್ಕೆ ಮುಖ ಮಾಡಿದ ಗೋಡೆಯೊಂದು ಅಲ್ಲಿಯವರೆಗೆ ಬಿಸಿಲಿನಲ್ಲಿದ್ದು ನಂತರ ತನ್ನದೇ ನೆರಳಿಗೆ ಸರಿಯುತ್ತದೆ. ಆದ್ದರಿಂದ ಅರಮನೆಯ ಮುಂಭಾಗಕ್ಕೆ ಹತ್ತೂವರೆಯಿಂದ ಹನ್ನೊಂದೂವರೆಯ ನಡುವಿನ ಒಂದು ಗಂಟೆ ಬಹಳ ಬೆಲೆಯುಳ್ಳದ್ದು. ಚಳಿಗಾಲದಲ್ಲಿ ಆ ಬೆಳಕು ನಿಮ್ಮ ಎಡಗಡೆಯಿಂದ ಬಂದು ನೆರಳನ್ನು ಬಲಕ್ಕೂ ಕೆಳಕ್ಕೂ ಎಳೆಯುತ್ತದೆ. ಜೂನ್ ತಿಂಗಳಲ್ಲಿ ಸೂರ್ಯ ನಮ್ಮ ಉತ್ತರಕ್ಕೆ ಸರಿದಿರುವುದರಿಂದ ಅದೇ ಗಂಟೆಗೆ ಬೆಳಕು ಬಲಗಡೆಯಿಂದ, ಅದೂ ಬಹಳ ಎತ್ತರದಿಂದ ಬರುತ್ತದೆ. ಒಂದೇ ಕಟ್ಟಡಕ್ಕೆ ವರ್ಷದಲ್ಲಿ ಎರಡು ಮುಖಗಳಿರುತ್ತವೆ ಎಂದು ನಾನು ನಂಬಿರುವುದು ಇದೇ ಕಾರಣಕ್ಕೆ.

ಏಪ್ರಿಲ್ 23ರ ಆಸುಪಾಸಿನಲ್ಲೂ ಆಗಸ್ಟ್ 20ರ ಆಸುಪಾಸಿನಲ್ಲೂ ಸೂರ್ಯ ಮಧ್ಯಾಹ್ನ ನೇರ ನೆತ್ತಿಯ ಮೇಲೆ ಇರುತ್ತಾನೆ. ಈ ಹೊತ್ತಿನಲ್ಲಿ ಚಿತ್ರ ತೆಗೆಯಬೇಡಿ ಎಂಬುದು ಎಲ್ಲರೂ ಹೇಳುವ ಮಾತು. ಛಜ್ಜದ, ಅಂದರೆ ಗೋಡೆಯಿಂದ ಮುಂದೆ ಚಾಚಿದ ಸೂರಿನ, ಕೆಳಗಿನ ಇಡೀ ಗೋಡೆ ಒಂದೇ ಕಪ್ಪು ಪಟ್ಟಿಯಾಗುವುದರಿಂದ ಪೂರ್ಣ ಕಟ್ಟಡದ ಚಿತ್ರಕ್ಕೆ ಆ ಮಾತು ಸರಿ. ಆದರೆ ಛಜ್ಜವಿಲ್ಲದ ಗೋಡೆಯ ಮೇಲಿನ ತೆಳ್ಳಗಿನ ಕೆತ್ತನೆಗೆ, ಕಣ್ಣಿಗೆ ಎಂದೂ ಬೀಳದ ಬಳ್ಳಿಯ ಉಬ್ಬುಗಳಿಗೆ, ಸವೆದುಹೋದ ಶಾಸನದ ಅಕ್ಷರಗಳಿಗೆ ಇದಕ್ಕಿಂತ ಒಳ್ಳೆಯ ಬೆಳಕಿಲ್ಲ. ನೆತ್ತಿಗೆ ಬರುವ ಕಾಲು ಗಂಟೆ ಮೊದಲು ಪೂರ್ವದ ಗೋಡೆಯ ಮುಂದೆ, ಬಂದ ಕಾಲು ಗಂಟೆಯ ನಂತರ ಪಶ್ಚಿಮದ ಗೋಡೆಯ ಮುಂದೆ ನಿಂತು ನೋಡಿ.

ಮೋಡ ಕವಿದ ದಿನಗಳ ಬಗ್ಗೆಯೂ ಒಂದು ಮಾತು. ಜುಲೈ ತಿಂಗಳ ಮೈಸೂರಿನಲ್ಲಿ ವಾರಗಟ್ಟಲೆ ನೆರಳೇ ಬೀಳುವುದಿಲ್ಲ. ಅಂಥ ದಿನ ಆಕಾಶವನ್ನು ಚೌಕಟ್ಟಿನಿಂದ ಪೂರ್ತಿ ಬಿಟ್ಟು, ಕಮಾನಿನ ಒಳಗಿನ ಮೊಗಸಾಲೆಗಳ ಕಡೆಗೆ ಹೋಗುವುದು ಲೇಸು. ಮಳೆ ನಿಂತ ಹತ್ತು ನಿಮಿಷಗಳಲ್ಲಿ ನೆನೆದ ಗ್ರಾನೈಟ್ ಒಣಗಿದ ಗ್ರಾನೈಟ್‌ಗಿಂತ ಎಷ್ಟೋ ಕಪ್ಪಾಗಿ, ಅಂಚುಗಳಲ್ಲಿ ಮಾತ್ರ ಬೆಳ್ಳಿಯಂತೆ ಹೊಳೆಯುತ್ತದೆ. ಸೂರ್ಯ ಕೊಡದ ವ್ಯತ್ಯಾಸವನ್ನು ಆಗ ನೀರು ಕೊಡುತ್ತದೆ.

ಬಣ್ಣ ಬೂದಾಗುವಾಗ ಏನಾಗುತ್ತದೆ

ಕಪ್ಪು-ಬಿಳುಪಿನ ಚಿತ್ರಕ್ಕೆ ಬಣ್ಣ ಮುಖ್ಯವಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು. ಎದುರಿಗಿರುವ ಪ್ರತಿ ಬಣ್ಣವೂ ಯಾವುದಾದರೊಂದು ಬೂದು ಛಾಯೆಯಾಗಲೇಬೇಕು, ಮತ್ತು ಯಾವ ಬಣ್ಣ ಎಷ್ಟು ಬೂದಾಗಬೇಕು ಎಂಬ ನಿರ್ಧಾರ ನಿಮ್ಮ ಕೈಯಲ್ಲಿದೆ. ಅರಮನೆಯನ್ನೇ ನೋಡಿ: ಗೋಡೆ ಬೂದು ಗ್ರಾನೈಟಿನದು, ಸುತ್ತಲಿನ ಗುಮ್ಮಟಗಳು ಗಾಢ ಗುಲಾಬಿ, ನಡುವಿನ ಗೋಪುರದ ತುದಿ ಚಿನ್ನದ್ದು, ಹಿಂದೆ ನೀಲಿ ಆಕಾಶ. ಯಾವ ಎಚ್ಚರವೂ ಇಲ್ಲದೆ ಬಣ್ಣ ತೆಗೆದರೆ ಆ ಗುಲಾಬಿಯೂ ಆ ನೀಲಿಯೂ ಬಹುತೇಕ ಒಂದೇ ಬೂದಾಗಿ, ಗುಮ್ಮಟದ ಅಂಚು ಆಕಾಶದಲ್ಲಿ ಕರಗಿಹೋಗುತ್ತದೆ. ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಂಡ ಆಕಾರ ಚಿತ್ರದಲ್ಲಿ ಕಾಣದಿರುವುದಕ್ಕೆ ಇದೇ ಕಾರಣ.

ಇಲ್ಲಿ ಫಿಲ್ಟರ್ ಬರುತ್ತದೆ. ಫಿಲ್ಟರ್ ತನ್ನ ಬಣ್ಣವನ್ನು ಬೆಳಗಿಸಿ, ಅದಕ್ಕೆ ಎದುರಾದ ಬಣ್ಣವನ್ನು ಕಪ್ಪಾಗಿಸುತ್ತದೆ. ಫಿಲ್ಮ್ ಬಳಸುವವರು ಲೆನ್ಸಿನ ಮುಂದೆ ಗಾಜನ್ನು ಹಾಕಬೇಕು. ಹಳದಿ ಫಿಲ್ಟರಿಗೆ ಸುಮಾರು ಒಂದು ಸ್ಟಾಪ್, ಗಾಢ ಕೆಂಪಿಗೆ ಸುಮಾರು ಮೂರು ಸ್ಟಾಪ್ ಬೆಳಕು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ, ಏರಿದರೆ ಎರಡು ಪಟ್ಟಾಗುತ್ತದೆ) ನಷ್ಟವಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡಿಜಿಟಲ್‌ನಲ್ಲಿ ಚಿತ್ರವನ್ನು ರಾ ಫೈಲಾಗಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ಮಾಹಿತಿಯಾಗಿ, ಉಳಿಸಿಕೊಂಡರೆ ಇದೇ ಕೆಲಸವನ್ನು ನಂತರ ಕಂಪ್ಯೂಟರಿನಲ್ಲಿ, ಒಂದೊಂದು ಬಣ್ಣದ ಸ್ಲೈಡರನ್ನು ಸರಿಸಿ ಮಾಡಬಹುದು. ಕ್ಯಾಮೆರಾದ ಪರದೆ ಕಪ್ಪು-ಬಿಳುಪಿನಲ್ಲಿ ತೋರಿಸುವಂತೆ ಹೊಂದಿಸಿಕೊಳ್ಳಿ. ರಾ ಫೈಲಿನಲ್ಲಿ ಬಣ್ಣದ ಮಾಹಿತಿ ಹಾಗೆಯೇ ಉಳಿದಿರುತ್ತದೆ, ಆದರೆ ನಿಮ್ಮ ಕಣ್ಣು ಸ್ಥಳದಲ್ಲೇ ಛಾಯೆಗಳಲ್ಲಿ ಯೋಚಿಸಲು ಕಲಿಯುತ್ತದೆ.

ಹೊಸಬರು ಮೊದಲು ಮೊರೆಹೋಗುವುದು ಕೆಂಪು ಫಿಲ್ಟರಿಗೆ, ಏಕೆಂದರೆ ಅದು ನೀಲಿ ಆಕಾಶವನ್ನು ಕಾರ್ಮೋಡದಂತೆ ಕಪ್ಪಾಗಿಸುತ್ತದೆ. ನಾನೂ ಹಾಗೆಯೇ ಮಾಡಿದೆ. ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಮನೆಯಲ್ಲಿ ತೂಗುಹಾಕಿದಾಗ, ಬಾಲ್ಯವನ್ನೆಲ್ಲ ಕೋಟೆಯ ಬಳಿಯೇ ಕಳೆದಿದ್ದ ನಮ್ಮ ಸೋದರತ್ತೆ ಬಹಳ ಹೊತ್ತು ಅದನ್ನು ನೋಡಿ, ಗುಮ್ಮಟಗಳಿಗೆ ಬಿಳಿ ಬಣ್ಣ ಬಳಿದದ್ದು ಯಾವಾಗ ಎಂದು ಕೇಳಿದರು. ಅವರು ಕೇಳಿದ್ದು ಸರಿಯಾಗಿತ್ತು. ಕೆಂಪು ಫಿಲ್ಟರ್ ಗುಲಾಬಿ ಗುಮ್ಮಟಗಳನ್ನು ಕಲ್ಲಿನ ಗೋಡೆಗಿಂತ ಬಿಳಿಯಾಗಿಸಿ, ಕಟ್ಟಡದ ತೂಕವನ್ನೇ ತಲೆಕೆಳಗು ಮಾಡಿತ್ತು. ತಿಳಿ ಗೋಡೆಯ ಮೇಲೆ ಗಾಢ ಗುಮ್ಮಟ ಕೂತಿದೆ ಎಂಬುದು ಆ ಕಟ್ಟಡದ ಮೂಲ ಲಯ. ಅದನ್ನು ಉಳಿಸಿಕೊಂಡೇ ಆಕಾಶವನ್ನು ಬೇರ್ಪಡಿಸಬೇಕಾದರೆ ಬೇರೆ ದಾರಿ ಹಿಡಿಯಬೇಕು: ಕೆಂಪನ್ನು ಮುಟ್ಟದೆ, ಇಲ್ಲವೇ ತುಸು ಇಳಿಸಿ, ನೀಲಿಯನ್ನು ಏರಿಸಿ ಆಕಾಶವನ್ನು ತಿಳಿಯಾಗಿಸಿದರೆ ಗುಮ್ಮಟಗಳು ಅದರ ಮುಂದೆ ಗಾಢವಾಗಿ, ದುಂಡಗೆ ನಿಲ್ಲುತ್ತವೆ. ನಾಟಕೀಯತೆ ಕಡಿಮೆಯಾಗುತ್ತದೆ, ಆದರೆ ಅದು ನಮ್ಮ ಅರಮನೆಯಂತೆ ಕಾಣುತ್ತದೆ. ಈ ನಿರ್ಧಾರದಲ್ಲಿ ಯಂತ್ರ ನಿಮಗೆ ನೆರವಾಗುವುದಿಲ್ಲ. ಬೂದು ಗ್ರಾನೈಟಿಗೆ ತನ್ನದೇ ಬಣ್ಣ ಹೆಚ್ಚಿಲ್ಲದ್ದರಿಂದ ಯಾವ ಸ್ಲೈಡರ್ ಸರಿಸಿದರೂ ಗೋಡೆ ಅಲುಗಾಡದೆ ಇರುತ್ತದೆ, ಅದರ ಮೇಲೂ ಹಿಂದೂ ಇರುವುದೆಲ್ಲ ಮಾತ್ರ ಬದಲಾಗುತ್ತಾ ಹೋಗುತ್ತದೆ.

ಹಳದಿ ಬಣ್ಣ ಬಳಿದ ಹಳೆಯ ಸರ್ಕಾರಿ ಕಟ್ಟಡಗಳ ವಿಷಯ ಇದಕ್ಕಿಂತ ಸುಲಭ. ಹಳದಿ ಮತ್ತು ನೀಲಿ ಒಂದಕ್ಕೊಂದು ಎದುರಾದ ಬಣ್ಣಗಳಾದ್ದರಿಂದ ಹಳದಿ ಅಥವಾ ಕಿತ್ತಳೆ ಫಿಲ್ಟರ್ ಒಂದೇ ಏಟಿಗೆ ಗೋಡೆಯನ್ನು ಬೆಳಗಿಸಿ ಆಕಾಶವನ್ನು ಇಳಿಸುತ್ತದೆ. 1921ರಲ್ಲಿ ಅಡಿಗಲ್ಲು ಬಿದ್ದು, ವಾಸ್ತುಶಿಲ್ಪಿ ಇ.ಡಬ್ಲ್ಯು. ಫ್ರಿಚ್ಲಿ ಅವರ ವಿನ್ಯಾಸದಲ್ಲಿ ಎದ್ದ ಲಲಿತಮಹಲ್ ಅರಮನೆ ಪೂರ್ತಿ ಬಿಳಿ. ಅಲ್ಲಿ ಸೂರ್ಯನಿಗೆ ಲಂಬವಾದ ದಿಕ್ಕಿನ ಆಕಾಶವನ್ನು ಪೋಲರೈಸರ್ ಎಂಬ, ತಿರುಗಿಸಿ ಹೊಂದಿಸುವ ಫಿಲ್ಟರ್ ಚೆನ್ನಾಗಿ ಕಪ್ಪಾಗಿಸುತ್ತದೆ. ಆದರೆ ಬಹಳ ಅಗಲವಾದ ಲೆನ್ಸಿನಲ್ಲಿ ಪೋಲರೈಸರ್ ಹಾಕಿದರೆ ಆಕಾಶದ ಒಂದು ಭಾಗ ಮಾತ್ರ ಕಪ್ಪಾಗಿ ಪಟ್ಟಿ ಎದ್ದು ಕಾಣುವುದರಿಂದ ಎಚ್ಚರವಿರಲಿ.

ಎಷ್ಟು ಬೆಳಕು

ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡುಬೂದು ಎಂದು ಭಾವಿಸಿ ಅಳೆಯುತ್ತದೆ. ಲಲಿತಮಹಲಿನ ಬಿಳಿ ಗೋಡೆಯನ್ನು ಅದಕ್ಕೆ ತೋರಿಸಿದರೆ ಗೋಡೆ ಕೊಳಕು ಬೂದಾಗಿ ಬರುತ್ತದೆ. ಒಂದು ಅಥವಾ ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಅರಮನೆಯ ಬಿಸಿಲು ಬಿದ್ದ ಗ್ರಾನೈಟ್ ತಾನೇ ಹೆಚ್ಚುಕಡಿಮೆ ನಡುಬೂದಾಗಿರುವುದು ನಮ್ಮ ಅದೃಷ್ಟ: ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಅದರ ಮೇಲಿಟ್ಟು ಅಳೆದರೆ ಉಳಿದದ್ದು ತಾನಾಗಿ ಸರಿಹೊಂದುತ್ತದೆ. ಡಿಜಿಟಲ್‌ನಲ್ಲಿ ಬಿಳುಪು ಒಮ್ಮೆ ಸುಟ್ಟುಹೋದರೆ ಮರಳಿ ಬರುವುದಿಲ್ಲವಾದ್ದರಿಂದ ಚಿತ್ರದ ಛಾಯೆಗಳನ್ನು ಕಪ್ಪಿನಿಂದ ಬಿಳುಪಿನವರೆಗೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮಿನ ಬಲ ಅಂಚನ್ನು ಕಾಯಬೇಕು. ಫಿಲ್ಮಿನಲ್ಲಿ ಕಥೆ ತಿರುಗುಮುರುಗು. ನೆಗೆಟಿವ್‌ಗೆ ನೆರಳಿನಲ್ಲಿ ವಿವರ ಸಿಕ್ಕದಿದ್ದರೆ ಮತ್ತೆ ಸಿಕ್ಕದು, ಆದ್ದರಿಂದ ಫಿಲ್ಮ್ ಎಚ್‌ಪಿ5 ಪ್ಲಸ್ ಆಗಲಿ ಟ್ರೈ-ಎಕ್ಸ್ ಆಗಲಿ, ವಿವರ ಬೇಕಾದ ಗಾಢ ನೆರಳನ್ನು ಅಳೆದು ಅದಕ್ಕಿಂತ ಎರಡು ಸ್ಟಾಪ್ ಕಡಿಮೆ ಕೊಡುವುದು ಹಳೆಯ, ಇಂದಿಗೂ ನೆಚ್ಚಬಹುದಾದ ಕ್ರಮ.

ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್ 8ರಿಂದ ಎಫ್ 11ರ ನಡುವೆ ಇರಲಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು. ಎಫ್ 16ಕ್ಕಿಂತ ಕಿರಿದಾದರೆ ಬೆಳಕು ಕಿಂಡಿಯ ಅಂಚಿನಲ್ಲಿ ಬಾಗಿ ಹರಡುವ ಡಿಫ್ರ್ಯಾಕ್ಷನ್‌ನಿಂದಾಗಿ ಕೆತ್ತನೆಯ ಚೂಪು ಮೆತ್ತಗಾಗುತ್ತದೆ. ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂದು ಹೇಳುವ ಐಎಸ್‌ಓ ಸಾಧ್ಯವಾದಷ್ಟು ಕೆಳಗಿರಲಿ. ಫೋನಿನಲ್ಲಿ ತೆಗೆಯುವವರು ಒಂದು ಕೆಲಸವನ್ನು ಮರೆಯದೆ ಮಾಡಬೇಕು: ನೆರಳು-ಬೆಳಕನ್ನು ಸಮಮಾಡುವ ಎಚ್‌ಡಿಆರ್ ಸೌಲಭ್ಯವನ್ನು ಆಫ್ ಮಾಡಲು ಅವಕಾಶವಿದ್ದರೆ ಆಫ್ ಮಾಡಿ, ಇಲ್ಲವೇ ರಾ ಆಯ್ಕೆ ಮಾಡಿಕೊಳ್ಳಿ. ಫೋನು ತನ್ನ ಪಾಡಿಗೆ ತಾನು ಪ್ರತಿ ನೆರಳನ್ನೂ ತುಂಬಿ ಬೆಳಗಿಸಿದರೆ, ನಾವು ಹನ್ನೊಂದು ಗಂಟೆಯವರೆಗೆ ಕಾದು ಪಡೆದದ್ದನ್ನು ಅದು ಒಂದು ಕ್ಷಣದಲ್ಲಿ ಅಳಿಸಿಬಿಡುತ್ತದೆ.

ನಿಲ್ಲುವ ಜಾಗ

ಎತ್ತರದ ಕಟ್ಟಡದ ಬುಡದಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಗೋಡೆಗಳು ಹಿಂದಕ್ಕೆ ಬೀಳುವಂತೆ ವಾಲುತ್ತವೆ. 175 ಅಡಿ ಎತ್ತರದ ಜೋಡಿ ಶಿಖರಗಳ ಸಂತ ಫಿಲೋಮಿನಾ ಚರ್ಚಿನಲ್ಲಿ ಈ ದೋಷ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ, ಏಕೆಂದರೆ ಮೇಲಕ್ಕೆ ನೇರವಾಗಿ ಏರುವುದೇ ಆ ಗಾಥಿಕ್ ಶೈಲಿಯ ಜೀವ. ಪರಿಹಾರ ಕ್ಯಾಮೆರಾವನ್ನು ನೆಲಕ್ಕೆ ಸಮತಟ್ಟಾಗಿ ಹಿಡಿಯುವುದು. ಹಾಗೆ ಹಿಡಿದಾಗ ಚೌಕಟ್ಟಿನ ಕೆಳಗಿನ ಅರ್ಧ ಬರೀ ನೆಲವಾಗುತ್ತದೆ; ಆ ನೆಲದಲ್ಲಿ ಏನಾದರೂ ಹುರುಳಿದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಂತರ ಕತ್ತರಿಸಿ. ಕ್ಯಾಮೆರಾವನ್ನು ಎತ್ತದೆ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಹುದಾದ ಟಿಲ್ಟ್-ಶಿಫ್ಟ್ ಲೆನ್ಸ್ ಇದನ್ನೇ ನಷ್ಟವಿಲ್ಲದೆ ಮಾಡುತ್ತದೆ, ಆದರೆ ಅದರ ಬೆಲೆ ಹವ್ಯಾಸಿಗಳಿಗೆ ಎಟುಕುವಂಥದಲ್ಲ. ಕಂಪ್ಯೂಟರಿನಲ್ಲಿ ಸರಿಪಡಿಸುವ ಉದ್ದೇಶವಿದ್ದರೆ ಚಿತ್ರ ತೆಗೆಯುವಾಗಲೇ ಎರಡೂ ಬದಿಗಳಲ್ಲಿ ಧಾರಾಳವಾಗಿ ಜಾಗ ಬಿಡಿ, ಏಕೆಂದರೆ ಗೋಡೆಯನ್ನು ನೆಟ್ಟಗೆ ಮಾಡುವಾಗ ಅಂಚುಗಳು ಕತ್ತರಿಸಿ ಹೋಗುತ್ತವೆ.

ಅರಮನೆಯ ಅಂಗಳ ವಿಶಾಲವಾಗಿರುವುದು ಇಲ್ಲಿ ಬಹಳ ಉಪಕಾರಿ. ಹತ್ತಿರ ಹೋಗಿ ಅಗಲ ಲೆನ್ಸಿನಲ್ಲಿ ಬಾಚಿಕೊಳ್ಳುವುದಕ್ಕಿಂತ, ಆದಷ್ಟು ಹಿಂದಕ್ಕೆ ಸರಿದು 70ರಿಂದ 100 ಮಿಲಿಮೀಟರ್ ಲೆನ್ಸಿನಲ್ಲಿ ನೋಡಿದರೆ ಗುಮ್ಮಟಗಳೂ 145 ಅಡಿ ಎತ್ತರದ ನಡುಗೋಪುರವೂ ತಮ್ಮ ನಿಜವಾದ ಅಳತೆಯಲ್ಲಿ ಕಾಣುತ್ತವೆ. ಅಗಲ ಲೆನ್ಸ್ ಹತ್ತಿರದ ಕಮಾನನ್ನು ಹಿಗ್ಗಿಸಿ ದೂರದ ಗೋಪುರವನ್ನು ಕುಗ್ಗಿಸುತ್ತದೆ; ಪ್ರವಾಸಿಗಳು ತೆಗೆದ ಅರಮನೆಯ ಎಷ್ಟೋ ಚಿತ್ರಗಳಲ್ಲಿ ಗೋಪುರ ಗಿಡ್ಡವಾಗಿ ಕಾಣುವುದು ಇದರಿಂದಲೇ. ಟ್ರೈಪಾಡ್ ಬಳಸಬಹುದೇ, ಒಳಗೆ ಚಿತ್ರ ತೆಗೆಯಬಹುದೇ ಎಂಬ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ವರಾಹ ದ್ವಾರದಲ್ಲಿ ಟಿಕೆಟ್ ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಿ. ಒಳಗೆ ಅನುಮತಿ ಇರಲಿ ಬಿಡಲಿ, ಕಲ್ಯಾಣ ಮಂಟಪದಲ್ಲಿ ಒಮ್ಮೆ ಸುಮ್ಮನೆ ನಿಂತು ನೋಡಿ. ಗ್ಲಾಸ್ಗೊದಲ್ಲಿ ಎರಕ ಹೊಯ್ದು ತಂದ ಕಬ್ಬಿಣದ ಕಂಬಗಳು, ಅವುಗಳ ಮೇಲಿನ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿ ಎರಡೂ ಅಲ್ಲಿವೆ. ಗಾಜಿನ ಸೊಬಗೆಲ್ಲ ಬಣ್ಣದಲ್ಲಿದೆ, ಬಣ್ಣ ತೆಗೆದರೆ ಅದು ಸತ್ತಂತೆ. ಕಂಬಗಳ ಸೊಬಗೆಲ್ಲ ಆಕಾರದಲ್ಲಿದೆ, ಬಣ್ಣ ತೆಗೆದರೆ ಅದು ಇನ್ನೂ ಹೆಚ್ಚುತ್ತದೆ. ಯಾವುದು ಕಪ್ಪು-ಬಿಳುಪಿನ ವಸ್ತು, ಯಾವುದು ಅಲ್ಲ ಎಂಬುದನ್ನು ಒಂದೇ ಜಾಗದಲ್ಲಿ ತೋರಿಸಿಕೊಡುವ ಇಂಥ ಇನ್ನೊಂದು ಕೋಣೆ ನನಗೆ ಗೊತ್ತಿಲ್ಲ.

ಸಯ್ಯಾಜಿರಾವ್ ರಸ್ತೆಯ ಕಮಾನುಗಳು

ಅರಮನೆಗಿಂತ ಹೆಚ್ಚು ಶ್ರದ್ಧೆಯಿಂದ ಚಿತ್ರೀಕರಿಸಬೇಕಾದದ್ದು ಪೇಟೆಯ ಕಟ್ಟಡಗಳನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅರಮನೆಗೆ ಕಾವಲಿದೆ, ಆರೈಕೆಯಿದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅವನ್ನು ಕೆಡವಬೇಕೇ ಉಳಿಸಬೇಕೇ ಎಂಬ ವಾದ ಅಂದಿನಿಂದ ಊರಿನಲ್ಲಿ ನಡೆಯುತ್ತಲೇ ಬಂದಿದೆ. ಲ್ಯಾನ್ಸ್‌ಡೌನ್ ಕಟ್ಟಡದ ಮೊಗಸಾಲೆಯಲ್ಲಿ ಹಳೆಯ ಪುಸ್ತಕಗಳನ್ನು ಕೆದಕುತ್ತ ಬೆಳೆದವರಿಗೆ ಆ ಕಮಾನುಗಳೆಂದರೆ ಏನೆಂದು ವಿವರಿಸಬೇಕಿಲ್ಲ. ಶಿಥಿಲವಾದ ಭಾಗಗಳ ಒಳಗೆ ಕಾಲಿಡಬೇಡಿ. ರಸ್ತೆಯ ಆಚೆ ಬದಿಯಿಂದಲೇ ಬೇಕಾದದ್ದೆಲ್ಲ ಸಿಗುತ್ತದೆ.

ಇಂಥ ಕಮಾನುಸಾಲಿಗೆ ನೇರ ಎದುರಿಗೆ ನಿಲ್ಲುವುದಕ್ಕಿಂತ ಸಾಲಿನ ಒಂದು ತುದಿಯಲ್ಲಿ ನಿಂತು, 85 ಮಿಲಿಮೀಟರಿನ ಆಸುಪಾಸಿನ ಲೆನ್ಸಿನಲ್ಲಿ ಉದ್ದಕ್ಕೂ ನೋಡಿದರೆ ಕಮಾನಿನ ಹಿಂದೆ ಕಮಾನು ಒತ್ತೊತ್ತಾಗಿ ಕೂಡಿಕೊಂಡು ಬೆಳಕು-ಕತ್ತಲೆಯ ತಾಳ ಹುಟ್ಟುತ್ತದೆ. ನಂತರ ಹತ್ತಿರ ಹೋಗಿ ಒಂದೇ ಒಂದು ವಿವರವನ್ನು ಹಿಡಿಯಿರಿ. ನಾನು ಒಮ್ಮೆ ಕಮಾನಿನ ಅಂಚಿನ ಗಾರೆಯ ಹೂವೊಂದರ ಮುಂದೆ ಮುಕ್ಕಾಲು ಗಂಟೆ ಕಳೆದಿದ್ದೆ. ದೂರದಿಂದ ಅದು ಒಂದು ಮೊಂಡು ಉಂಡೆ. ಬಿಸಿಲು ಓರೆಯಾಗುತ್ತ ಬಂದಂತೆ ಅದರಲ್ಲಿ ಎಂಟು ಎಸಳುಗಳು ಕಂಡವು. ಒಂದು ಎಸಳು ಮುರಿದಿತ್ತು, ಮುರಿದ ಜಾಗದಲ್ಲಿ ವರ್ಷವರ್ಷವೂ ಬಳಿದ ಸುಣ್ಣದ ಪದರಗಳು ಈರುಳ್ಳಿಯ ಸಿಪ್ಪೆಯಂತೆ ಒಂದರ ಮೇಲೊಂದು ಕಾಣುತ್ತಿದ್ದವು. ಇನ್ನೊಂದು ಎಸಳಿನ ಬುಡದಲ್ಲಿ, ಗಾರೆ ಹಸಿಯಿದ್ದಾಗ ಕೆಲಸಗಾರ ಹೆಬ್ಬೆರಳಿನಿಂದ ಒತ್ತಿದ್ದಂತಹ ಒಂದು ತಗ್ಗು ಇತ್ತು. ಬಣ್ಣದ ಚಿತ್ರದಲ್ಲಿ ಆ ತಗ್ಗು ಕಾಣಲೇ ಇಲ್ಲ, ಹಳದಿ ಸುಣ್ಣದ ಮೇಲಿನ ಪಾಚಿಯ ಹಸಿರು ಅದನ್ನು ಮರೆಸಿತ್ತು. ಹಸಿರನ್ನು ಹಳದಿಯ ಮಟ್ಟಕ್ಕೆ ಎತ್ತಿ ಬೂದಾಗಿಸಿದಾಗ ಮಾತ್ರ ಅದರೊಳಗಿನ ನೆರಳು ಎದ್ದು ಬಂತು.

ಪೇಟೆಯಲ್ಲಿ ಕಾಡುವುದು ತಂತಿಗಳು, ಫಲಕಗಳು, ನಿಂತ ವಾಹನಗಳು. ಭಾನುವಾರ ಬೆಳಗ್ಗೆ ಬೇಗ ಹೋದರೆ ವಾಹನಗಳ ಕಾಟ ಅರ್ಧ ತಗ್ಗುತ್ತದೆ. ಎದುರಿನ ಕಟ್ಟಡದ ಮೊದಲ ಮಹಡಿಗೆ ಹೋಗಲು ಒಪ್ಪಿಗೆ ಸಿಕ್ಕರೆ ತಂತಿಗಳು ಕಣ್ಣಿನ ಮಟ್ಟಕ್ಕಿಂತ ಕೆಳಗಾಗುತ್ತವೆ, ಗೋಡೆಗಳ ವಾಲುವಿಕೆಯೂ ಕಡಿಮೆಯಾಗುತ್ತದೆ. ಜನರೇ ಇಲ್ಲದಂತೆ ತೋರಿಸಬೇಕಾದರೆ ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ, ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿ. ಸೆಕೆಂಡಿನ 60ನೇ ಒಂದು ಭಾಗವಿದ್ದ ಶಟರ್ ಹದಿನೇಳು ಸೆಕೆಂಡಿಗೆ ಹಿಗ್ಗಿ, ನಡೆದಾಡುವವರು ಕರಗಿಹೋಗುತ್ತಾರೆ. ನನಗಂತೂ ಜನರನ್ನು ಅಳಿಸುವ ಮನಸ್ಸಾಗುವುದಿಲ್ಲ. ಹೂವಿನ ಬುಟ್ಟಿ ಹೊತ್ತು ಕಮಾನಿನ ಕೆಳಗೆ ಹಾಯುವ ಒಬ್ಬ ವ್ಯಕ್ತಿ ಆ ಕಮಾನಿನ ಅಳತೆಯನ್ನು ಯಾವ ಅಡಿಪಟ್ಟಿಗಿಂತಲೂ ಚೆನ್ನಾಗಿ ಹೇಳುತ್ತಾನೆ. ಅವನ ಬಿಳಿ ಅಂಗಿ ಕಮಾನಿನ ಕತ್ತಲೆಯ ಮುಂದೆ ಬರುವ ಕ್ಷಣಕ್ಕೆ ಕಾಯಿರಿ. ಬೆಳಗಿದ ಗೋಡೆಯ ಮುಂದೆ ಬಂದರೆ ಅವನು ಕಾಣುವುದಿಲ್ಲ.

ದೀಪಾಲಂಕಾರ

ಭಾನುವಾರ ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡಾಗ, ಅಂಗಳದಲ್ಲಿ ನಿಂತವರ ಬಾಯಿಂದ ಒಂದೇ ಉದ್ಗಾರ ಹೊರಡುತ್ತದೆ. ಕಟ್ಟಡದ ಪ್ರತಿ ಅಂಚಿಗೂ ಚುಕ್ಕಿ ಇಟ್ಟಂತಾಗುವುದರಿಂದ ಇದು ಕಪ್ಪು-ಬಿಳುಪಿಗೆ ಹೇಳಿ ಮಾಡಿಸಿದ ನೋಟ. ಮೈಸೂರಿನಲ್ಲಿ ಡಿಸೆಂಬರ್ ಸೂರ್ಯ ಆರು ಗಂಟೆಗೆಲ್ಲ ಮುಳುಗುವುದರಿಂದ ಏಳಕ್ಕೆ ಆಕಾಶ ಪೂರ್ತಿ ಕಪ್ಪು. ಜೂನ್‌ನಲ್ಲಿ ಮುಳುಗುವುದು ಆರೂಮುಕ್ಕಾಲರ ನಂತರವಾದ್ದರಿಂದ ದೀಪ ಹೊತ್ತುವಾಗ ಹಿಂದೆ ಇನ್ನೂ ಬೂದು ಬೆಳಕು ಉಳಿದಿರುತ್ತದೆ, ಗೋಪುರದ ಆಕಾರ ಅದರ ಮುಂದೆ ಸ್ಪಷ್ಟವಾಗುತ್ತದೆ. ಮಳೆಯ ಭಯವಿದ್ದರೂ ನನ್ನ ಆಯ್ಕೆ ಜೂನ್. ಐಎಸ್‌ಓ 100, ಎಫ್ 8ರಲ್ಲಿ ಒಂದು ಸೆಕೆಂಡಿನಿಂದ ಆರಂಭಿಸಿ, ಬಲ್ಬುಗಳು ಒಂದಕ್ಕೊಂದು ಅಂಟಿಕೊಳ್ಳದೆ ಬೇರೆ ಬೇರೆ ಚುಕ್ಕಿಗಳಾಗಿ ಉಳಿಯುವವರೆಗೆ ತಗ್ಗಿಸುತ್ತಾ ಬನ್ನಿ. ಮಳೆನೀರು ನಿಂತ ಅಂಗಳ ಸಿಕ್ಕರೆ ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ.

ಮನೆಗೆ ಬಂದ ಮೇಲೆ

ಸಂಸ್ಕರಣೆಯಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ಆಕಾಶವನ್ನು ಕಪ್ಪಾಗಿಸಲು ನೀಲಿ ಸ್ಲೈಡರನ್ನು ಕೊನೆಯವರೆಗೆ ಎಳೆಯುವುದು. ಹಾಗೆ ಮಾಡಿದರೆ ಆಕಾಶದಲ್ಲಿ ಮರಳು ಚೆಲ್ಲಿದಂತೆ ನಾಯ್ಸ್ ಎಂಬ ಚುಕ್ಕಿಗಳು ಏಳುತ್ತವೆ, ಗುಮ್ಮಟದ ಸುತ್ತ ಬಿಳಿಯ ಎಳೆಯೊಂದು ಸುತ್ತಿಕೊಳ್ಳುತ್ತದೆ. ಪರದೆಯ ಮೇಲೆ ಕಾಣದ ಆ ಎಳೆ ದೊಡ್ಡ ಮುದ್ರಣದಲ್ಲಿ ಎದ್ದು ಕಾಣುತ್ತದೆ. ಒಂದು ಸಲ ನಾನು ಇಡೀ ಪ್ರದರ್ಶನದ ಮುದ್ರಣಗಳನ್ನು ಇದೇ ಕಾರಣಕ್ಕೆ ಮತ್ತೆ ಮಾಡಿಸಬೇಕಾಯಿತು. ಮೂಲೆಗಳಿಂದ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಕಪ್ಪಾಗಿಸುತ್ತ ಬನ್ನಿ. ಕೆಲಸವೆಲ್ಲ ಛಾಯೆಗಳ ಮೆಟ್ಟಿಲುಗಳು ಬಹಳ ಹೆಚ್ಚಿರುವ 16 ಬಿಟ್‌ನಲ್ಲಿ ನಡೆಯಲಿ. ಜೆಪೆಗ್ ಚಿತ್ರವೊಂದರಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಇರುವುದು 256 ಮೆಟ್ಟಿಲುಗಳು ಮಾತ್ರ, ನುಣುಪಾದ ಆಕಾಶವನ್ನು ಎಳೆದಾಡಿದರೆ ಆ ಮೆಟ್ಟಿಲುಗಳು ಪಟ್ಟೆಪಟ್ಟೆಯಾಗಿ ಕಾಣತೊಡಗುತ್ತವೆ.

ಇಡೀ ಚಿತ್ರದ ಕಾಂಟ್ರಾಸ್ಟನ್ನು ಒಮ್ಮೆಲೇ ಏರಿಸಬೇಡಿ. ಕಟ್ಟಡವನ್ನು ಮೂರು ನಾಲ್ಕು ಭಾಗಗಳಾಗಿ ನೋಡಿ, ಯಾವ ಭಾಗದ ಕೆತ್ತನೆ ಮಾತಾಡಬೇಕೋ ಅಲ್ಲಿ ಮಾತ್ರ ಬೆಳಕನ್ನು ಎತ್ತಿ ನೆರಳನ್ನು ಇಳಿಸಿ. ಅರಮನೆಯ ನಡುಕಮಾನಿನ ಮೇಲೆ ಗಜಲಕ್ಷ್ಮಿಯ ಶಿಲ್ಪವಿದೆ. ಇಡೀ ಮುಂಭಾಗದ ಚಿತ್ರದಲ್ಲಿ ಅದು ಬೆರಳುಗುರಿನಷ್ಟು ಚಿಕ್ಕದಾಗಿ ಬಂದರೂ, ಅದರ ಸುತ್ತಲಿನ ಗೋಡೆಯನ್ನು ಕಾಲು ಸ್ಟಾಪ್ ಇಳಿಸಿದರೆ ನೋಡುವವರ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಕಮಾನುಗಳ ಒಳಗಿನ ಕತ್ತಲೆಯಲ್ಲಿ ಎಲ್ಲವೂ ಕಾಣಬೇಕೆಂಬ ಹಟ ಬೇಡ, ಹಾಗೆಂದು ಒಂದೇ ಮಸಿಯಾಗಿಯೂ ಬಿಡಬೇಡಿ. ಹಿಂದಿನ ಕಂಬದ ಒಂದು ಗೆರೆ ಕಂಡರೆ ಆ ಕತ್ತಲೆಗೆ ಆಳ ಬರುತ್ತದೆ.

ಮುದ್ರಿಸುವುದಾದರೆ ಹೊಳಪಿಲ್ಲದ, ಹತ್ತಿಯ ನಾರಿನ ಕಾಗದ ಗ್ರಾನೈಟಿಗೂ ಗಾರೆಗೂ ಚೆನ್ನಾಗಿ ಒಪ್ಪುತ್ತದೆ. ಅಂಥ ಕಾಗದದಲ್ಲಿ ಕಪ್ಪು ಪರದೆಯ ಮೇಲೆ ಕಂಡಷ್ಟು ಗಾಢವಾಗಿ ಬರುವುದಿಲ್ಲ, ಆದ್ದರಿಂದ ಮೊದಲು ಅಂಚೆಕಾರ್ಡಿನ ಅಳತೆಯಲ್ಲಿ ಎರಡು ಮೂರು ಪ್ರಯೋಗ ಮಾಡಿ ನೋಡಿ. ಕೊನೆಗೆ ಪ್ರತಿ ಮುದ್ರಣದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ ಕಟ್ಟಡದ ಹೆಸರು, ತೆಗೆದ ದಿನಾಂಕ, ಗಂಟೆ, ಯಾವ ದಿಕ್ಕಿನಿಂದ ತೆಗೆದದ್ದು, ಎಷ್ಟು ದೂರದಿಂದ ಎಂಬಷ್ಟನ್ನು ಬರೆದಿಡಿ; ಫೈಲಿನ ಮಾಹಿತಿಯಲ್ಲೂ ಅದನ್ನೇ ಕನ್ನಡದಲ್ಲಿ ತುಂಬಿ. ಮುರಿದ ಎಸಳನ್ನು ಮತ್ತೆ ಕಟ್ಟಬೇಕಾದ ಗಾರೆ ಕೆಲಸದವರೊಬ್ಬರು ಮುಂದೆಂದಾದರೂ ಆ ಚಿತ್ರವನ್ನು ಕೈಗೆತ್ತಿಕೊಂಡರೆ, ನೆರಳಿನ ಉದ್ದದಿಂದ ಎಸಳಿನ ಉಬ್ಬನ್ನು ಲೆಕ್ಕ ಹಾಕಲು ಅವರಿಗೆ ಬೇಕಾಗುವುದು ಆ ದಿನಾಂಕ ಮತ್ತು ಆ ಗಂಟೆ.